ಪರದೆಗೂ ಮುಂಚೆ ಬಿಸಿಲು: ಹೊಸ ಮನೆಯ ಕಿಟಕಿಗಳಿಗೆ ನಾವು ಬಟ್ಟೆ ಆರಿಸಿದ ಬಗೆ

ಹೊಸ ಮನೆಗೆ ಪರದೆ ಹಾಕಿಸೋದನ್ನು ನಾವು ಬೇಕಂತಲೇ ಮುಂದಕ್ಕೆ ಹಾಕಿದೆವು. ಗೃಹಪ್ರವೇಶಕ್ಕೆ ಬಂದವರೆಲ್ಲ ಕೇಳಿದ್ದು ಅದನ್ನೇ. "ಟೈಲ್ಸ್ ಚೆನ್ನಾಗಿದೆ, ಬಾಗಿಲು ಚೆನ್ನಾಗಿದೆ, ಸ್ಕ್ರೀನ್ ಯಾಕೆ ಹಾಕ್ಸಿಲ್ಲ?" ದುಡ್ಡು ಮುಗಿದಿರಬೇಕು ಅಂತ ಕೆಲವರು ಅಂದುಕೊಂಡಿರಬಹುದು. ಮನೆ ಕಟ್ಟಿದವರ ಹತ್ತಿರ ಆ ಹೊತ್ತಿಗೆ ದುಡ್ಡು ಮುಗಿದೇ ಇರುತ್ತೆ, ಅದು ಬೇರೆ ಮಾತು. ನಮ್ಮ ಕಾರಣ ಅದಾಗಿರಲಿಲ್ಲ. ಯಾವ ಕಿಟಕಿಯಿಂದ ಯಾವ ಹೊತ್ತಿಗೆ ಬಿಸಿಲು ಬರುತ್ತೆ, ಯಾವ ಕಿಟಕಿಯಿಂದ ಧೂಳು ಬರುತ್ತೆ, ಯಾವುದರಿಂದ ಎದುರು ಮನೆಯವರಿಗೆ ನಮ್ಮ ಊಟದ ತಟ್ಟೆ ಕಾಣುತ್ತೆ, ಇದು ಗೊತ್ತಾಗದೆ ಬಟ್ಟೆ ಕೊಳ್ಳೋದು ಬೇಡ ಅನ್ನೋದು ನನ್ನ ಹಟ.

ಅಲ್ಲಿವರೆಗೆ ಹಳೇ ಕಾಟನ್ ಸೀರೆಗಳನ್ನೇ ಕಿಟಕಿಗೆ ಕಟ್ಟಿದೆ. ಮೊಳೆ ಹೊಡೆದು, ನೈಲಾನ್ ಹಗ್ಗ ಎಳೆದು, ಸೀರೆಯನ್ನು ಎರಡಾಗಿ ಮಡಚಿ ಇಳಿಬಿಟ್ಟರೆ ಆಯ್ತು. ನೋಡೋಕೆ ಛತ್ರದ ಹಾಗೆ ಕಾಣ್ತಿತ್ತು, ನಿಜ. ಆದರೆ ಈ ಸೀರೆಗಳಿಂದ ಗೊತ್ತಾದಷ್ಟು ಯಾವ ಅಂಗಡಿಯ ಕ್ಯಾಟಲಾಗಿನಿಂದಲೂ ಗೊತ್ತಾಗಲಿಲ್ಲ. ಮಲಗುವ ಕೋಣೆಯಲ್ಲಿ ಗಾಢ ನೀಲಿ ಸೀರೆ ಕಟ್ಟಿದ್ದೆ. ಸಂಜೆ ಐದಕ್ಕೆ ಅದನ್ನು ಮುಟ್ಟಿದರೆ ಇಸ್ತ್ರಿ ಮಾಡಿ ಇಟ್ಟ ಬಟ್ಟೆಯಷ್ಟು ಬಿಸಿ. ಪಕ್ಕದ ಕೋಣೆಯಲ್ಲಿ ತಿಳಿ ಹಳದಿ ಸೀರೆ. ಅದು ಅಷ್ಟು ಕಾಯ್ತಿರಲಿಲ್ಲ, ಆದರೆ ಕೋಣೆಯೆಲ್ಲ ಬೆಳಕು.

ಮನೆ ಇರೋದು ದಾವಣಗೆರೆಯಲ್ಲಿ, ಹದಡಿ ರಸ್ತೆ ಕಡೆ. ಮೂವತ್ತು ನಲವತ್ತರ ಸೈಟು, ಪೂರ್ವದ ಬಾಗಿಲು. ಮುಂದೆ ರಸ್ತೆ, ಎದುರಿಗೆ ಇನ್ನೊಂದು ಮನೆ. ಹಿಂದೆ, ಅಂದ್ರೆ ಪಶ್ಚಿಮಕ್ಕೆ, ಭದ್ರಾ ನಾಲೆಯ ನೀರು ಕುಡಿಯುವ ಭತ್ತದ ಗದ್ದೆ. ಮನೆಯನ್ನು ವಾಸ್ತು ಪ್ರಕಾರ ಕಟ್ಟಿಸಿದ್ದು. ದೇವರ ಮನೆ ಈಶಾನ್ಯಕ್ಕೆ, ಅಡುಗೆ ಮನೆ ಆಗ್ನೇಯಕ್ಕೆ, ಯಜಮಾನರ ಕೋಣೆ ನೈಋತ್ಯಕ್ಕೆ, ಮಕ್ಕಳ ಕೋಣೆ ವಾಯವ್ಯಕ್ಕೆ. ನಮ್ಮ ಕಡೆ ಪೂರ್ವದ ಬಾಗಿಲಿನ ಮನೆಗಳೆಲ್ಲ ಹೆಚ್ಚು ಕಡಿಮೆ ಹೀಗೇ ಇರ್ತವೆ. ಇದರ ಒಂದು ಫಲ ಏನಂದ್ರೆ, ಮಲಗೋ ಕೋಣೆ ಎರಡೂ ಪಶ್ಚಿಮಕ್ಕೆ ಬೀಳ್ತವೆ. ಮಧ್ಯಾಹ್ನ ಮೂರರಿಂದ ಸೂರ್ಯ ಮುಳುಗೋವರೆಗೆ ಬಿಸಿಲೆಲ್ಲ ಆ ಗೋಡೆ ಮೇಲೆ, ಆ ಗಾಜಿನ ಮೇಲೆ. ರಾತ್ರಿ ನಾವು ಹೋಗಿ ಮಲಗೋದು ಅದೇ ಕಾದ ಕೋಣೆಯಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳೋದು ಬೇಡ.

ವಾಸ್ತುವಿನ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಆ ಎರಡು ಕೋಣೆಗಳ ಕಿಟಕಿಗೆ ಹಾಲ್‌ಗಿಂತ ಜಾಸ್ತಿ ಖರ್ಚು ಮಾಡಬೇಕು ಅನ್ನೋದು ಅಲ್ಲೇ ತೀರ್ಮಾನ ಆಯ್ತು. ಸಾಮಾನ್ಯವಾಗಿ ಎಲ್ಲರೂ ಮಾಡೋದು ಇದಕ್ಕೆ ಉಲ್ಟಾ. ಬಂದವರು ನೋಡ್ತಾರೆ ಅಂತ ಹಾಲ್‌ಗೆ ದುಬಾರಿ ಬಟ್ಟೆ, ಮಲಗೋ ಕೋಣೆಗೆ ಉಳಿದದ್ದು.

ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿದ್ದು ಉತ್ತರದ ಕಿಟಕಿ. ಉತ್ತರಕ್ಕೆ ಬಿಸಿಲು ಬರಲ್ಲ, ತೆಳು ಬಟ್ಟೆ ಸಾಕು ಅಂತ ಅಂಗಡಿಯವರೂ ಹೇಳ್ತಾರೆ, ಮೇಸ್ತ್ರಿಯೂ ಹೇಳ್ತಾರೆ. ವರ್ಷದ ಹೆಚ್ಚು ದಿನ ಅದು ಸರಿ. ಆದರೆ ನಮ್ಮೂರು ಇರೋದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನೆಟ್ಟ ಕೋಲಿಗೆ ನೆರಳೇ ಇರಲ್ಲ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಅವನ ಓಡಾಟ ನಮ್ಮ ತಲೆಯಿಂದ ಉತ್ತರಕ್ಕೆ. ನಡುಮಧ್ಯಾಹ್ನ ತೊಂದರೆ ಇಲ್ಲ, ಕಿಟಕಿ ಮೇಲಿನ ಸಜ್ಜಾ ತಡೆಯುತ್ತೆ. ಬೆಳಿಗ್ಗೆ ಮತ್ತು ಸಂಜೆ ಮಾತ್ರ ಬಿಸಿಲು ಓರೆಯಾಗಿ ಒಳಗೆ ಬರುತ್ತೆ. ಮೇ ತಿಂಗಳಲ್ಲಿ ಮಕ್ಕಳ ಕೋಣೆಯ ಉತ್ತರದ ಕಿಟಕಿಯಿಂದ ಸಂಜೆ ಬಿಸಿಲು ಓದುವ ಮೇಜಿನ ಮೇಲೆ ಬಿದ್ದದ್ದನ್ನು ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿ ಇಟ್ಟೆ. ದಕ್ಷಿಣದ ಕಿಟಕಿಯದು ಇದಕ್ಕೆ ತಿರುಗಾಮುರುಗಾ. ಬೇಸಿಗೆಯಲ್ಲಿ ಸುಮ್ನೆ ಇರುತ್ತೆ, ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಾಗ ಬಿಸಿಲು ಮಂಚದವರೆಗೆ ಬರುತ್ತೆ. ಚಳಿಗಾಲದ ಆ ಬಿಸಿಲು ನಮಗೆ ಬೇಕು, ತಡೆಯೋದು ಯಾಕೆ? ಅದಕ್ಕೇ ಅಲ್ಲಿ ಪೂರ್ತಿ ಸರಿಸಿ ಇಡೋಕೆ ಬರುವಂಥ ಪರದೆ ಸಾಕು ಅಂದುಕೊಂಡೆ.

ಬಟ್ಟೆ ತರೋಕೆ ಮಂಡಿಪೇಟೆ, ಚೌಕಿಪೇಟೆ ಕಡೆ ಹೋಗುವಾಗ ನಮ್ಮ ಮಾವನನ್ನು ಕರ್ಕೊಂಡು ಹೋದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದಲ್ಲಿ ಅವರು ಇಲ್ಲಿನ ಕಾಟನ್ ಮಿಲ್ ಒಂದರಲ್ಲಿ ಮಗ್ಗದ ವಿಭಾಗದಲ್ಲಿ ಇದ್ದವರು. ಮಿಲ್ಲುಗಳು ಮುಚ್ಚಿ ಎಷ್ಟೋ ಕಾಲ ಆಯ್ತು. ಅವರ ಬೆರಳು ಮಾತ್ರ ಇನ್ನೂ ಮರೆತಿಲ್ಲ. ಅಂಗಡಿಯವನು ಥಾನು ಬಿಚ್ಚಿ, "ಮೇಡಂ, ಇದು ಈಗ ರನ್ನಿಂಗ್ ಡಿಸೈನ್, ಜಿಎಸ್‌ಎಂ ಜಾಸ್ತಿ" ಅಂತ ಶುರು ಮಾಡಿದ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದು. ಮಾವ ಏನೂ ಮಾತಾಡದೆ ಬಟ್ಟೆಯ ಅಂಚು ಹಿಡಿದು ಅಂಗಡಿ ಬಾಗಿಲಿಗೆ ಬಂದರು. ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದರು.

"ಬಟ್ಟೀನ ಮೇಜಿನ ಮೇಲೆ ನೋಡಬಾರ್ದವ್ವ, ಬೆಳಕಿಗೆ ಹಿಡಿದು ನೋಡ್ಬೇಕು" ಅಂದರು ನನಗೆ. "ಎಳೆ ಒಂದೇ ಸಮ ಇದೆಯಾ, ಅಲ್ಲಲ್ಲಿ ತೆಳು ಬಿದ್ದಿದೆಯಾ ನೋಡು."

ಆಮೇಲೆ ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಸ್ವಲ್ಪ ಹೊತ್ತು ಹಿಡಿದು ಬಿಟ್ಟರು. ಸುಕ್ಕು ಹಾಗೇ ನಿಂತರೆ ಪರದೆಯಲ್ಲೂ ಹಾಗೇ ನಿಲ್ಲುತ್ತೆ. ಉಗುರಿನಿಂದ ಒಂದು ಕಡೆ ಕೆರೆದರು. ಗಂಜಿ ಜಾಸ್ತಿ ಇದ್ದರೆ ಬಿಳಿ ಪುಡಿ ಬರುತ್ತೆ. ಅಂಗಡಿಯಲ್ಲಿ ಗಟ್ಟಿ ಅನ್ನಿಸಿದ ಬಟ್ಟೆ ಒಂದು ಒಗೆತಕ್ಕೆ ಜಾಳು ಆಗೋದು ಇದರಿಂದಲೇ. ಕೊನೆಗೆ ಒದ್ದೆ ಕರ್ಚೀಫಿನಿಂದ ಉಜ್ಜಿ ಬಣ್ಣ ಹತ್ತುತ್ತಾ ಅಂತ ನೋಡಿದರು. ಮರೂನ್ ಬಣ್ಣದ ಒಂದು ಥಾನು ಅಲ್ಲೇ ಫೇಲಾಯ್ತು. ಅಂಗಡಿಯವನಿಗೆ ಸಿಟ್ಟು ಬರಲಿಲ್ಲ. ಬಟ್ಟೆ ಗೊತ್ತಿರೋರು ಬಂದಿದ್ದಾರೆ ಅಂತ ಒಳಗಿನಿಂದ ಬೇರೆ ಥಾನು ತರಿಸಿದ.

ಇನ್ನೊಂದು ಮುಖ್ಯವಾದದ್ದು ಹಾಸು ಹೊಕ್ಕಿನ ಲೆಕ್ಕ. ಹಾಸು ಅಂದ್ರೆ ಥಾನಿನ ಉದ್ದಕ್ಕೆ ಓಡುವ ಎಳೆ, ಹೊಕ್ಕು ಅಂದ್ರೆ ಅಡ್ಡಕ್ಕೆ ಹೆಣೆದದ್ದು. ಪರದೆಯಲ್ಲಿ ಹಾಸಿನ ಎಳೆ ಮೇಲಿಂದ ಕೆಳಕ್ಕೆ ಇರಬೇಕು ಅನ್ನೋದು ಮಾವನ ಹಟ. ಹಾಸಿನ ಎಳೆ ಮಗ್ಗದಲ್ಲಿ ಬಿಗಿಯಾಗಿ ಎಳೆದು ಕೂರಿಸಿದ್ದು, ಭಾರ ತಡೆಯುತ್ತೆ. ಅಡ್ಡಡ್ಡ ಕತ್ತರಿಸಿ ಹೊಲಿದರೆ ಬಟ್ಟೆ ಬೀಳುವ ರೀತಿಯೇ ಬೇರೆ, ನೆರಿಗೆ ನೆಟ್ಟಗೆ ಕೂರಲ್ಲ. ಕತ್ತರಿಸುವಾಗಲೂ ಅಳತೆಯ ಜಾಗದಲ್ಲಿ ಅಡ್ಡಕ್ಕೆ ಒಂದು ಹೊಕ್ಕಿನ ಎಳೆಯನ್ನು ಎಳೆದು ತೆಗೆದು, ಆ ಗೀಟಿನ ಮೇಲೆ ಕತ್ತರಿ ಓಡಿಸಬೇಕಂತೆ. ಸ್ಕೇಲ್ ಇಟ್ಟು ಕತ್ತರಿಸಿದರೆ ನೇಯ್ಗೆಗೆ ಸೊಟ್ಟ ಹೋಗಬಹುದು. ಒಂದು ಒಗೆತ ಆದ ಮೇಲೆ ಪರದೆಯ ಕೆಳ ಅಂಚು ಒಂದು ಕಡೆ ಏರಿ ಒಂದು ಕಡೆ ಇಳಿದಿರೋದನ್ನು ನೋಡಿದ್ದೀರಲ್ವಾ? ಎಷ್ಟೋ ಸಲ ಅದು ಹೊಲಿಗೆಯ ತಪ್ಪಲ್ಲ, ಕತ್ತರಿಸಿದ್ದರ ತಪ್ಪು.

ಅಂಗಡಿಯ ಬಿಳಿ ಎಲ್‌ಇಡಿ ಬೆಳಕಿನಲ್ಲಿ ಬಣ್ಣ ನಂಬೋ ಹಾಗಿಲ್ಲ. ಇಷ್ಟ ಆದ ಬಟ್ಟೆಗಳಲ್ಲಿ ಅರ್ಧರ್ಧ ಮೀಟರ್ ಕತ್ತರಿಸಿ ಕೊಡಿ ಅಂದೆ. ದುಡ್ಡು ಕೊಟ್ಟೇ ತಂದೆ. ಮನೆಯಲ್ಲಿ ಅದೇ ಕಿಟಕಿಗೆ ಪಿನ್ ಹಾಕಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ರಾತ್ರಿ ಲೈಟ್ ಹಾಕಿ ಒಂದು ಸಲ ನೋಡಿದೆ. ಅಂಗಡಿಯಲ್ಲಿ ಬೂದು ಅನ್ನಿಸಿದ್ದು ನಮ್ಮ ಕೆನೆ ಬಣ್ಣದ ಗೋಡೆ ಪಕ್ಕದಲ್ಲಿ ನೇರಳೆ ಆಗಿ ಕಾಣ್ತಿತ್ತು. ಅದನ್ನು ಕೈಬಿಟ್ಟೆ. ಬಣ್ಣದ ವಿಷಯದಲ್ಲಿ ನನಗೆ ದೊಡ್ಡ ಸಿದ್ಧಾಂತ ಏನಿಲ್ಲ. ಗೋಡೆಗಿಂತ ಸ್ವಲ್ಪ ಗಾಢ, ಸೋಫಾಗಿಂತ ಸ್ವಲ್ಪ ತಿಳಿ, ಅಷ್ಟೇ.

ರೇಷ್ಮೆ ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ಹಳೇ ಮೊಳಕಾಲ್ಮೂರು ಸೀರೆಯಲ್ಲಿ ಹಾಲ್‌ಗೆ ಪರದೆ ಮಾಡಿಸು, ಭರ್ಜರಿ ಕಾಣುತ್ತೆ ಅಂತ ಒಬ್ಬರು ಹೇಳಿದ್ದರು. ಕಾಣೋದು ನಿಜ. ಆದರೆ ಬಿಸಿಲಿಗೆ ರೇಷ್ಮೆ ಎಳೆ ಬೇಗ ಸತ್ವ ಕಳ್ಕೊಂಡು ಸೀಳುತ್ತೆ. ಅಂಥ ಸೀರೆಯನ್ನು ಕಿಟಕಿಗೆ ಕಟ್ಟೋಕೆ ನನಗೆ ಮನಸ್ಸು ಬರಲಿಲ್ಲ.

ಈಗ ಲೆಕ್ಕ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಯಾಕಂದ್ರೆ ದುಡ್ಡು ಹೋಗೋದೂ ಉಳಿಯೋದೂ ಇಲ್ಲೇ. ನಮ್ಮ ಹಾಲ್‌ನ ದೊಡ್ಡ ಕಿಟಕಿ ಆರು ಅಡಿ ಅಗಲ. ರಾಡ್ ಕಿಟಕಿಗಿಂತ ಎರಡೂ ಕಡೆ ಆರಾರು ಇಂಚು ಜಾಸ್ತಿ ಇರಬೇಕು. ಆಗ ಪರದೆ ಸರಿಸಿದಾಗ ಬಟ್ಟೆ ಗೋಡೆ ಮೇಲೆ ಹೋಗಿ ನಿಲ್ಲುತ್ತೆ, ಗಾಜು ಪೂರ್ತಿ ಬಿಡುವಾಗುತ್ತೆ. ಅಂದ್ರೆ ರಾಡ್ ಏಳು ಅಡಿ, 84 ಇಂಚು. ನೆರಿಗೆ ಚೆನ್ನಾಗಿ ಬರಬೇಕಂದ್ರೆ ಬಟ್ಟೆಯ ಅಗಲ ರಾಡಿನ ಎರಡರಷ್ಟು ಬೇಕು, 168 ಇಂಚು. ಪರದೆ ಬಟ್ಟೆ ಹೆಚ್ಚಾಗಿ ಬರೋದು 48 ಇಂಚು ಪನ್ನದಲ್ಲಿ, ಅಂದ್ರೆ ಥಾನಿನ ಅಗಲ ಅಷ್ಟು. ಮೂರೂವರೆ ಪನ್ನ ಆಯ್ತು, ನಾಲ್ಕು ಅಂತ ಹಿಡಿಯಿರಿ. ಉದ್ದ ನೋಡಿ: ನೆಲದಿಂದ ರಾಡ್ 90 ಇಂಚು ಎತ್ತರ. ಮೇಲಿನ ಮಡಿಕೆ, ಕೆಳಗಿನ ನಾಲ್ಕು ಇಂಚಿನ ಮಡಿಕೆ ಎಲ್ಲ ಸೇರಿ ಒಂದೊಂದು ತುಂಡು 101 ಇಂಚು. ನಾಲ್ಕು ತುಂಡಿಗೆ 404 ಇಂಚು, ಸುಮಾರು ಹತ್ತೂಕಾಲು ಮೀಟರ್.

ಇದು ಸಾದಾ ಬಟ್ಟೆಗೆ. ದೊಡ್ಡ ಹೂವಿನ ಡಿಸೈನ್ ತಗೊಂಡರೆ ಲೆಕ್ಕ ತಪ್ಪುತ್ತೆ. ಹೂವು 24 ಇಂಚಿಗೆ ಒಂದು ಸಲ ಮರಳಿ ಬರ್ತಿದ್ದರೆ, ನಾಲ್ಕೂ ತುಂಡಿನಲ್ಲಿ ಹೂವು ಒಂದೇ ಸಾಲಿಗೆ ಬರಬೇಕು ಅಂದ್ರೆ ಪ್ರತಿ ತುಂಡೂ 120 ಇಂಚು ಕತ್ತರಿಸಬೇಕು. ಹನ್ನೆರಡು ಮೀಟರ್ ದಾಟುತ್ತೆ. ಒಂದೇ ಕಿಟಕಿಗೆ ಎರಡು ಮೀಟರ್ ಚಿಂದಿ! ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳಲ್ಲ. ನಾನು ಹಾಲ್‌ಗೆ ಸಣ್ಣ ಗೀರಿನ ಬಟ್ಟೆ ತಗೊಂಡೆ.

ಕಾಟನ್ ಬಟ್ಟೆಯನ್ನು ಹೊಲಿಸೋ ಮುಂಚೆ ಒಂದು ರಾತ್ರಿ ನೀರಿಗೆ ಹಾಕಿ ಒಣಗಿಸಿದೆ. 100 ಇಂಚಿಗೆ ಮೂರು ಇಂಚು ಕುಗ್ಗಿದರೂ ಪರದೆ ಮೇಲೆ ಎದ್ದು ನಿಲ್ಲುತ್ತೆ, ಮೋಟು ಲಂಗ ಹಾಕ್ಕೊಂಡ ಹಾಗೆ. ಮನೆಯಲ್ಲಿ ಅಷ್ಟುದ್ದ ಬಟ್ಟೆ ಒಣಗಿಸೋಕೆ ತಾರಸಿ ಬೇಕು. ಕೆಳಗೆ ಕಸ ಇಲ್ಲದ ಹಾಗೆ ನೋಡ್ಕೊಳ್ಳಿ.

ಹೊಲಿದವರು ನಮ್ಮ ಹಳೇ ಮನೆ ಬೀದಿಯ ಟೈಲರ್. ಬ್ಲೌಸ್ ಹೊಲಿಯೋರಿಗೆ ಪರದೆ ಹೊಲಿಯೋದು ಸಣ್ಣ ಕೆಲಸ ಅಂತ ಅನ್ನಿಸಬಹುದು, ಹಾಗಲ್ಲ. ಅಷ್ಟು ದೊಡ್ಡ ಬಟ್ಟೆಯನ್ನು ಹರಡೋಕೆ ಜಾಗ ಬೇಕು, ನೇರ ಹೊಲಿಗೆ ಬರಬೇಕು. ಅವರು ಅಳತೆ ಚೀಟಿ ನೋಡಿ, "ರಿಂಗ್ ಎಷ್ಟು ಹಾಕ್ಲಿ ಅಕ್ಕಾ, ಏಳಾ ಎಂಟಾ?" ಅಂದರು. ಎಂಟು ಅಂದೆ. ರಿಂಗಿನ ಸಂಖ್ಯೆ ಸಮ ಇರಬೇಕು. ಆಗ ಪರದೆಯ ಎರಡೂ ತುದಿ ಗೋಡೆ ಕಡೆ ತಿರುಗಿ ನಿಲ್ಲುತ್ತೆ. ಬೆಸ ಆದರೆ ಒಂದು ತುದಿ ನಮ್ಮ ಕಡೆ ಚಾಚಿಕೊಂಡು ಇರುತ್ತೆ, ಎಷ್ಟು ಸರಿ ಮಾಡಿದರೂ ಸರಿ ಹೋಗಲ್ಲ. ರಿಂಗ್ ಪ್ಲಾಸ್ಟಿಕ್‌ದೇ ಹಾಕಿಸಿದೆ. ತುಕ್ಕು ಹಿಡಿಯಲ್ಲ, ಮಷೀನಿಗೆ ಹಾಕಿದಾಗ ಡ್ರಮ್ ಗೀರಲ್ಲ.

ಉದ್ದದ ಬಗ್ಗೆ ಒಂದು ಮಾತು. ಫೋಟೋಗಳಲ್ಲಿ ಪರದೆ ನೆಲದ ಮೇಲೆ ಹರಡಿಕೊಂಡು ಬಿದ್ದಿರುತ್ತೆ. ದಿನಾ ಕಸ ಗುಡಿಸಿ ನೆಲ ಒರೆಸೋ ಮನೆಗೆ ಅದು ಆಗಿ ಬರಲ್ಲ. ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಿಸಿದೆ. ಓದುವ ಮೇಜು, ದಿವಾನ ಇರೋ ಕಡೆ ಮಾತ್ರ ಕಿಟಕಿ ಪಟ್ಟಿಯಿಂದ ಐದಾರು ಇಂಚು ಕೆಳಗೆ ಬರೋ ಹಾಗೆ ಗಿಡ್ಡ.

ಕೋಣೆ ಬಾಗಿಲ ಪರದೆಗಳನ್ನು ಹೊಲಿಸಲಿಲ್ಲ. ರೆಡಿಮೇಡ್ ಪರದೆ ಐದು, ಏಳು, ಒಂಬತ್ತು ಅಡಿಯ ಅಳತೆಯಲ್ಲಿ ಸಿಗುತ್ತೆ. ಬಾಗಿಲಿಗೆ ಏಳಡಿಯದು ಸರಿಯಾಗಿ ಕೂರುತ್ತೆ. ಅಲ್ಲಿ ಹೊಲಿಸೋದು ಸುಮ್ನೆ ದಂಡ.

ರಾಡ್ ಕೂರಿಸೋದು ನಾನು ಅಂದುಕೊಂಡದ್ದಕ್ಕಿಂತ ಕಷ್ಟದ ಕೆಲಸ. ಕಿಟಕಿಯಿಂದ ನಾಲ್ಕು ಇಂಚು ಮೇಲೆ ರಾಡ್ ಬರಬೇಕು ಅಂತ ಎಲ್ಲರೂ ಹೇಳ್ತಾರೆ. ಆ ನಾಲ್ಕು ಇಂಚಿನ ಜಾಗದಲ್ಲಿ ಇರೋದು ಲಿಂಟಲ್, ಅಂದ್ರೆ ಕಬ್ಬಿಣ ಹಾಕಿದ ಕಾಂಕ್ರೀಟ್. ಸಾದಾ ಡ್ರಿಲ್ ಅಲ್ಲಿ ಸುಮ್ನೆ ಕಿರುಚುತ್ತೆ, ಒಳಗೆ ಹೋಗಲ್ಲ. ಹ್ಯಾಮರ್ ಡ್ರಿಲ್ ಇರೋರನ್ನೇ ಕರೆಸಿ. ಒಳಗೆ ಕಂಬಿ ಸಿಕ್ಕಿದರೆ ಅರ್ಧ ಇಂಚು ಪಕ್ಕಕ್ಕೆ ಸರಿದು ತೂತು ಹಾಕಬೇಕು. ಅದಕ್ಕೇ ನಾವು ಲಿಂಟಲ್ ದಾಟಿ, ಅದರ ಮೇಲಿನ ಇಟ್ಟಿಗೆ ಗೋಡೆಗೆ ಬ್ರಾಕೆಟ್ ಹಾಕಿಸಿದೆವು. ರಾಡ್ ಸ್ವಲ್ಪ ಎತ್ತರ ಆಯ್ತು. ಕೋಣೆಯೂ ಎತ್ತರ ಕಾಣುತ್ತೆ, ಅದೊಂದು ಲಾಭ. ಏಳಡಿ ರಾಡಿಗೆ ನಡುವೆ ಒಂದು ಬ್ರಾಕೆಟ್ ಬೇಕೇ ಬೇಕು, ಇಲ್ಲದಿದ್ದರೆ ಬಟ್ಟೆಯ ಭಾರಕ್ಕೆ ಬಾಗುತ್ತೆ. ಆ ಬ್ರಾಕೆಟ್ ದಾಟಿ ರಿಂಗ್ ಸರಿಯಲ್ಲ, ಹಾಗಾಗಿ ಪರದೆ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಅಂತಲೇ ಲೆಕ್ಕ ಹಾಕಬೇಕು.

ಈಗ ಪಶ್ಚಿಮದ ಕಿಟಕಿಗೆ ಬರ್ತೀನಿ. ನಮ್ಮನೆಯವರಿಗೆ ಆಗಾಗ ರಾತ್ರಿ ಪಾಳಿ. ಹಗಲು ಮಲಗಬೇಕು. ಬ್ಲ್ಯಾಕ್‌ಔಟ್ ಬಟ್ಟೆ ಹಾಕಿಬಿಟ್ಟರೆ ಕತ್ತಲೂ ಆಗುತ್ತೆ, ಬಿಸಿಯೂ ತಡೆಯುತ್ತೆ ಅಂತ ಅಂಗಡಿಯಲ್ಲಿ ಹೇಳ್ತಾರೆ. ಕತ್ತಲಾಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಬಿಸಿಯ ಮಾತು ಅರ್ಧ ನಿಜ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆಗೆ ಬಡಿಯುತ್ತೆ. ಪರದೆ ಕಾಯುತ್ತೆ, ಆ ಬಿಸಿ ಕೋಣೆಯೊಳಗೇ ಬಿಡುತ್ತೆ. ನನ್ನ ನೀಲಿ ಸೀರೆ ಆಗಿದ್ದು ಹಾಗೇ. ಗಾಜಿನ ಕಡೆಗೆ ಬಿಳಿ ಅಸ್ತರಿ, ಅಂದ್ರೆ ಹಿಂದೆ ಸೇರಿಸಿ ಹೊಲಿದ ಇನ್ನೊಂದು ಪದರ ಬಟ್ಟೆ, ಇದ್ದರೆ ಒಂದಷ್ಟು ಬಿಸಿಲು ವಾಪಸ್ ಗಾಜಿನ ಆಚೆ ಹೋಗುತ್ತೆ. ಆದರೂ ನಿಜವಾಗಿ ತಂಪು ಬೇಕಂದ್ರೆ ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಸಜ್ಜಾದಿಂದ ಆಗಲ್ಲ, ಸಂಜೆ ಸೂರ್ಯ ತೀರಾ ಕೆಳಗೆ ಇರ್ತಾನೆ, ಸಜ್ಜಾದ ಅಡಿಯಿಂದಲೇ ನುಗ್ಗುತ್ತಾನೆ.

ಹಾಗಾಗಿ ಎರಡೂ ಪಶ್ಚಿಮದ ಕಿಟಕಿಗೆ ಹೊರಗಡೆ ಬಿದಿರಿನ ತಟ್ಟಿ ಹಾಕಿಸಿದೆ. ಹಗ್ಗ ಎಳೆದರೆ ಸುರುಳಿ ಸುತ್ತಿ ಮೇಲೆ ಹೋಗೋ ಥರದ್ದು. ಬುಟ್ಟಿ, ಮೊರ ಮಾಡೋ ಮೇದಾರರ ಹತ್ತಿರ ಅಳತೆ ಕೊಟ್ಟು ಮಾಡಿಸಿದೆ. ಅಂಗಡಿಯ ಬ್ಲೈಂಡ್ಸ್‌ಗಿಂತ ಎಷ್ಟೋ ಕಡಿಮೆಗೆ ಆಯ್ತು. ಗಾಜಿಗೆ ಅಂಟಿಕೊಳ್ಳದ ಹಾಗೆ ಸಜ್ಜಾದ ತುದಿಯಿಂದ ಇಳಿಬಿಟ್ಟಿದ್ದೀವಿ. ನಡುವಿನ ಜಾಗದಲ್ಲಿ ಬಿಸಿ ಗಾಳಿ ಮೇಲೆದ್ದು ಹೋಗುತ್ತೆ. ಮಧ್ಯಾಹ್ನ ಎರಡೂವರೆಗೆ ಇಳಿಸೋದು, ಸೂರ್ಯ ಮುಳುಗಿದ ಮೇಲೆ ಎತ್ತಿ ಕಿಟಕಿ ತೆರೆಯೋದು. ಒಳಗೆ ಬ್ಲ್ಯಾಕ್‌ಔಟ್ ಇದ್ದೇ ಇದೆ, ನಿದ್ದೆಗೆ. ಇವೆರಡೂ ಬಂದ ಮೇಲೆ ರಾತ್ರಿ ಆ ಕೋಣೆಯಲ್ಲಿ ಫ್ಯಾನ್ ಹಾಕಿದರೆ ಗಾಳಿ ಗಾಳಿಯ ಹಾಗೆ ಬರ್ತಿದೆ.

ಬ್ಲ್ಯಾಕ್‌ಔಟ್ ಬಟ್ಟೆಯಲ್ಲಿ ಎರಡು ಥರ ನೋಡಿದೆ. ಒಂದು ಹಿಂದೆ ರಬ್ಬರಿನಂಥ ಲೇಪ ಇರೋದು. ಇನ್ನೊಂದು ನಡುವೆ ಕಪ್ಪು ಎಳೆ ಸೇರಿಸಿ ಒತ್ತಾಗಿ ನೇಯ್ದದ್ದು. ಮೊಬೈಲ್ ಟಾರ್ಚ್ ಹಿಂದೆ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ಲೇಪದ್ದರಲ್ಲಿ ಬೆಳಕು ಒಂದು ಚೂರೂ ಬರಲ್ಲ, ಆದರೆ ಹೊಲಿದ ಕಡೆ ಸೂಜಿಯ ತೂತುಗಳಲ್ಲಿ ಚುಕ್ಕಿ ಚುಕ್ಕಿ ಬೆಳಕು ಬರುತ್ತೆ. ಒಗೆಯುವಾಗ ಬ್ರಷ್ ಹಾಕಿ ಉಜ್ಜಿದರೆ, ಹಿಂಡಿದರೆ ಲೇಪ ಬಿರುಕು ಬಿಡುತ್ತೆ. ನೇಯ್ದದ್ದು ಸ್ವಲ್ಪ ಬೆಳಕು ಬಿಟ್ಟರೂ ಮೆತ್ತಗೆ ಬೀಳುತ್ತೆ, ಮಾಮೂಲಿ ಬಟ್ಟೆ ಥರ ಒಗೆಯಬಹುದು. ನಾನು ನೇಯ್ದದ್ದನ್ನೇ ತಗೊಂಡು, ಗಾಜಿನ ಕಡೆಗೆ ಬಿಳಿ ಅಸ್ತರಿ ಸೇರಿಸಿದೆ.

ಮುಂಗಾರು ಶುರುವಾದರೆ ಗದ್ದೆ ಕಡೆಯಿಂದ ಬರೋ ಗಾಳಿ ಜೋರು. ಪರದೆ ಹಾರಿ ಮೇಜಿನ ಮೇಲಿನ ಲೋಟ ಬೀಳಿಸುತ್ತೆ. ಕೆಳ ಅಂಚಿಗೆ ಭಾರ ಬೇಕು. ಟೈಲರ್ ಕಬ್ಬಿಣದ ವಾಷರ್ ಇಡೋಣ ಅಂದರು, ತುಕ್ಕಿನ ಕಲೆ ಆಗುತ್ತೆ ಅಂತ ನಾನು ಬೇಡ ಅಂದೆ. ಮಾವನ ಹಳೇ ಡಬ್ಬಿಯಲ್ಲಿ ನಾಲ್ಕಾಣೆ ಬಿಲ್ಲೆಗಳು ಇದ್ದವು. ಖಡ್ಗಮೃಗದ ಚಿತ್ರದ್ದು, ಸ್ಟೀಲಿಂದು. 25 ಪೈಸೆ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯ್ತು. ಅಂಗಡಿಯಲ್ಲಿ ನಡೆಯಲ್ಲ, ತುಕ್ಕೂ ಹಿಡಿಯಲ್ಲ. ಒಂದೊಂದು ಮೂಲೆಗೆ ಐದಾರು ಬಿಲ್ಲೆ ಸಣ್ಣ ಚೀಲದಲ್ಲಿ ಇಟ್ಟು, ಮಡಿಕೆಯೊಳಗೆ ಸೇರಿಸಿ ಹೊಲಿದರು. ಒಂದು ಬಿಲ್ಲೆ ಮೂರು ಗ್ರಾಮೂ ತೂಗಲ್ಲ, ಆದರೂ ಐದಾರು ಸೇರಿದರೆ ಮೂಲೆ ನೆಟ್ಟಗೆ ನಿಲ್ಲುತ್ತೆ. ಮಾವನಿಗೆ ಖುಷಿಯೋ ಖುಷಿ.

ಹಾಲ್‌ನಲ್ಲಿ ಎರಡು ಪದರ. ಗಾಜಿನ ಕಡೆ ತೆಳು ನೆಟ್ ಪರದೆ, ಈಚೆಗೆ ಗೀರಿನ ಕಾಟನ್. ಹಗಲು ನೆಟ್ ಒಂದೇ ಸಾಕು. ಹೊರಗೆ ಬೆಳಕು ಜಾಸ್ತಿ ಇರೋದರಿಂದ ರಸ್ತೆಯವರಿಗೆ ಒಳಗಿನದು ಕಾಣಲ್ಲ, ನಮಗೆ ಹೊರಗಿನದು ಕಾಣುತ್ತೆ. ರಾತ್ರಿ ಒಳಗೆ ಲೈಟ್ ಹಾಕಿದ ತಕ್ಷಣ ಇದು ತಿರುಗಿಬಿಡುತ್ತೆ. ನೆಟ್ ಹಾಕಿದ್ದೀವಿ, ಯಾರಿಗೂ ಕಾಣಲ್ಲ ಅಂತ ನಿಶ್ಚಿಂತೆಯಿಂದ ಕೂತಿರೋ ಎಷ್ಟೋ ಮನೆಗಳ ಟಿವಿಯ ಧಾರಾವಾಹಿಯನ್ನು ರಸ್ತೆಯಿಂದಲೇ ನೋಡಬಹುದು! ಹೊಲಿಸೋ ಮುಂಚೆ ರಾತ್ರಿ ಎಂಟಕ್ಕೆ ಎಲ್ಲ ಲೈಟ್ ಹಾಕಿಸಿ, ನಾನು ರಸ್ತೆಯಲ್ಲಿ ನಿಂತು ನೋಡಿದೆ. ಮಗಳನ್ನು ಕಿಟಕಿ ಹತ್ತಿರ ಓಡಾಡೋಕೆ ಹೇಳಿದೆ. ಯಾವ ಬಟ್ಟೆಯಲ್ಲಿ ಬರೀ ನೆರಳು ಕಾಣುತ್ತೆ, ಯಾವುದರಲ್ಲಿ ಮುಖವೇ ಕಾಣುತ್ತೆ ಅಂತ ಗೊತ್ತಾಯ್ತು. ನೀವೂ ಇದನ್ನು ಮಾಡಿ ನೋಡಿ, ಖರ್ಚೇನಿಲ್ಲ.

ಮಕ್ಕಳ ಕೋಣೆಗೆ ಝೀಬ್ರಾ ಬ್ಲೈಂಡ್ಸ್ ಬೇಕು ಅಂತ ಮಗನ ಆಸೆ. ಒಂದು ತೆಳು ಪಟ್ಟಿ, ಒಂದು ದಪ್ಪ ಪಟ್ಟಿ ಅಂತ ಅಡ್ಡಡ್ಡ ಬರುವ ಸುರುಳಿ ಪರದೆ ಅದು. ಉತ್ತರದ ಕಿಟಕಿಗೆ ಅದನ್ನೇ ಹಾಕಿಸಿದೆ. ಓದುವ ಮೇಜಿನ ಮೇಲೆ ಬೀಳೋ ಆ ಓರೆ ಬಿಸಿಲನ್ನು ಪಟ್ಟಿ ಸರಿಸಿ ತಡೆಯಬಹುದು, ಬೆಳಕು ಕಮ್ಮಿ ಆಗಲ್ಲ. ಅಲ್ಲಿಗೆ ಅದು ಸರಿ. ಮನೆ ತುಂಬಾ ಅದನ್ನೇ ಹಾಕಿಸೋದು ನನಗೆ ಒಪ್ಪಿಗೆ ಇಲ್ಲ. ಬದಿಗಳಿಂದ ಬೆಳಕು ಸೋರುತ್ತೆ. ಕಿಟಕಿ ತೆಗೆದರೆ ಗಾಳಿಗೆ ಪಟಪಟ ಬಡಿಯುತ್ತೆ. ಒಗೆಯೋಕೆ ಬರಲ್ಲ, ಒಣ ಬಟ್ಟೆಯಲ್ಲಿ ಒರೆಸಬೇಕು ಅಷ್ಟೇ. ಚಿಕ್ಕ ಕಿಟಕಿಗೂ ಕನಿಷ್ಠ ಇಷ್ಟು ಚದರಡಿ ಅಂತ ಬಿಲ್ ಹಾಕೋರೂ ಇದ್ದಾರೆ, ಆರ್ಡರ್ ಕೊಡೋ ಮುಂಚೆ ಕೇಳಿ. ಚಿಕ್ಕ ಮಕ್ಕಳಿದ್ದರೆ ಆ ನೇತಾಡೋ ಮಣಿ ಸರಪಳಿಯ ಬಗ್ಗೆ ಎಚ್ಚರ, ಕುತ್ತಿಗೆಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಸರಪಳಿಯನ್ನು ಬಿಗಿಯಾಗಿ ಹಿಡಿದಿಡೋ ಕ್ಲಿಪ್ಪನ್ನು ಗೋಡೆಗೆ ಸ್ಕ್ರೂ ಹಾಕಿಸಿದೆ. ಮಂಚವನ್ನು ಕಿಟಕಿಯಿಂದ ದೂರ ಸರಿಸಿದೆ.

ಅಡುಗೆ ಮನೆ ಕಿಟಕಿಗೆ ಬಟ್ಟೆಯೇ ಇಲ್ಲ. ಒಲೆ ಹತ್ತಿರ ಬಟ್ಟೆ ಬೇಡ, ಅದರಲ್ಲೂ ಪಾಲಿಯೆಸ್ಟರ್ ಬೇಡವೇ ಬೇಡ. ಗಾಜಿನ ಕೆಳಗಿನ ಅರ್ಧಕ್ಕೆ ಮಸುಕು ಸ್ಟಿಕ್ಕರ್ ಅಂಟಿಸಿದೆ. ಬಚ್ಚಲಿನ ವೆಂಟಿಲೇಟರಿಗೆ ಮಸುಕು ಗಾಜು ಮೊದಲೇ ಇತ್ತು. ದೇವರ ಮನೆಗೆ ಜರಿ ಪರದೆ ಹಾಕೋಣವಾ ಅಂತ ಕೇಳಿದರೆ ಅತ್ತೆಯೇ, "ದೀಪ ಉರಿಯೋ ಕಡೆ ಬಟ್ಟೆ ಯಾಕೆ, ಗಂಟೆ ಬಾಗಿಲು ಸಾಕು" ಅಂದುಬಿಟ್ಟರು.

ಗದ್ದೆ ಪಕ್ಕದ ಮನೆಗೆ ಪರದೆಗಿಂತ ಮೊದಲು ಸೊಳ್ಳೆ ಜಾಲರಿ ಬೇಕು. ಜಾಲರಿ ಎಲ್ಲಿ ಕೂರುತ್ತೆ, ಬಾಗಿಲು ಒಳಗೆ ತೆರೆಯುತ್ತಾ ಹೊರಗಾ, ಅದನ್ನು ನೋಡಿಯೇ ರಾಡ್ ಎಷ್ಟು ಮುಂದಕ್ಕೆ ಬರಬೇಕು ಅಂತ ತೀರ್ಮಾನಿಸಬೇಕು. ನಮ್ಮದು ಸರಿಯೋ ಕಿಟಕಿ, ಮೂರನೇ ಹಳಿಯಲ್ಲಿ ಜಾಲರಿ ಇದೆ, ಹಾಗಾಗಿ ತೊಂದರೆ ಆಗಲಿಲ್ಲ. ಜಾಲರಿ ಸೊಳ್ಳೆ ತಡೆದರೂ ಸುಂಕು, ಅಂದ್ರೆ ಭತ್ತದ ಸಿಪ್ಪೆಯ ನವಿರು ಧೂಳು, ತಡೆಯಲ್ಲ. ಬೇಸಿಗೆ ಬೆಳೆ, ಮಳೆಗಾಲದ ಬೆಳೆ ಅಂತ ವರ್ಷಕ್ಕೆ ಎರಡು ಸಲ ಕೊಯ್ಲು. ಮಷೀನ್ ಗದ್ದೆಗೆ ಇಳಿದರೆ ಭತ್ತದ ಸುಂಕು ಪರದೆಗೆ ಹಿಡಿಯುತ್ತೆ, ಮೈಗೆ ತಾಗಿದರೆ ತುರಿಕೆ. ವೆಲ್ವೆಟ್ ಥರದ ಜುಂಗು ಬಟ್ಟೆ ನಾನು ಮುಟ್ಟದೇ ಇದ್ದದ್ದು ಇದಕ್ಕೇ. ನುಣುಪಾದ ನೇಯ್ಗೆ ಆದರೆ ಹೊರಗೆ ತಂದು ಎರಡು ಸಲ ಕೊಡವಿದರೆ ಹೋಗುತ್ತೆ.

ಒಗೆಯೋದು ಕೊಯ್ಲು ಮುಗಿದ ಮೇಲೆ, ಎಲ್ಲ ಒಂದೇ ಸಲ. ರಿಂಗ್ ಇರೋ ಮೇಲ್ಭಾಗವನ್ನು ಹಳೇ ದಿಂಬಿನ ಕವರಿನೊಳಗೆ ಹಾಕಿ ಕಟ್ಟಿ ಮಷೀನಿಗೆ ಹಾಕ್ತೀನಿ. ಪೂರ್ತಿ ಒಣಗಿಸೋದಿಲ್ಲ. ಸ್ವಲ್ಪ ಹಸಿ ಇರುವಾಗಲೇ ರಾಡಿಗೆ ಏರಿಸಿ, ನೆರಿಗೆಯನ್ನು ಕೈಯಲ್ಲಿ ಸರಿ ಮಾಡಿ, ಕಿಟಕಿ ತೆರೆದು ಬಿಡ್ತೀನಿ. ತನ್ನ ಭಾರಕ್ಕೆ ತಾನೇ ನೆಟ್ಟಗಾಗುತ್ತೆ, ಇಸ್ತ್ರಿ ಬೇಡ. ಬೋರ್ ನೀರಿನಲ್ಲಿ ಗಾಢ ಬಣ್ಣದ ಮೇಲೆ ಬಿಳಿ ಕಲೆ ನಿಲ್ಲುತ್ತೆ, ಹಾಗಾಗಿ ಕೊನೆಗೆ ಜಾಲಿಸೋದು ನಲ್ಲಿ ನೀರಿನಲ್ಲಿ. ಹೊರಗಿನ ಬಿದಿರಿನ ತಟ್ಟಿಗಳನ್ನು ಮಾತ್ರ ಜೂನ್ ಮೊದಲ ಮಳೆಗೆ ಮುಂಚೆ ಬಿಚ್ಚಿ, ಸುತ್ತಿ, ಮೆಟ್ಟಿಲ ಕೆಳಗೆ ನಿಲ್ಲಿಸಿಬಿಡಬೇಕು. ನೆನೆದರೆ ಬೂಸ್ಟು ಹಿಡಿದು ಹಗ್ಗ ಕೊಳೆಯುತ್ತೆ.